ಬೇಡದ ಗುಂಪಿಗೆ ಬಿದ್ದ ಸ್ಟ್ರಾಬೆರಿ

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮೇಲಿರುವ ನಮ್ಮ ಆಫೀಸಿನಲ್ಲಿ ಬೇನಜೀರ ಹನ್ನೊಂದು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಾಳೆ: ಪದ ಆರಿಸುವುದು. ಯಾರು ಯಾವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದಾರೆ ಎಂಬ ಕಾಗದಗಳು ಜಗತ್ತಿನಲ್ಲಿ ಲಕ್ಷಗಟ್ಟಲೆ ಇವೆ. ನಮ್ಮ ಗಿರಾಕಿಗೆ ಬೇಕಾದದ್ದು ಹತ್ತೋ ಇಪ್ಪತ್ತೋ. ಅದಕ್ಕೇ ಅವಳು ತಾಂತ್ರಿಕ ಪದಗಳನ್ನೆಲ್ಲ ಪಟ್ಟಿ ಮಾಡಿ, ಬೇಕು, ಬೇಡ ಎಂದು ವಿಂಗಡಿಸುತ್ತಾಳೆ. ಬೇಡದ ಪದವಿರುವ ಕಾಗದವನ್ನು ಕಂಪ್ಯೂಟರು ತೋರಿಸುವುದೇ ಇಲ್ಲ. ಸಂಜೆ ಹೊತ್ತಿಗೆ ನಮ್ಮಿಬ್ಬರ ಕಣ್ಣೂ ಮೆಣಸಿನಕಾಯಿಯಂತೆ ಕೆಂಪಗಾಗಿರುತ್ತವೆ.

ಅವಳ ತಾಯಿ ಸಕೀನಾಬಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ನಲವತ್ತು ವರ್ಷದಿಂದ ಬೆರಳು ಉರಿಯುತ್ತಲೇ ಇವೆ. ಅವರ ಓಣಿಯ ವೆಲ್ಡರ್ ಕಲ್ಲೇಶ ಗೇಟು, ಕಿಟಕಿ ಮಾಡುವುದನ್ನೆಲ್ಲ ಬಿಟ್ಟು ಮೂರು ವರ್ಷ ಕೂತು ತೊಟ್ಟು ಬಿಡಿಸುವ ಯಂತ್ರ ಮಾಡಿದ. ಪೇಟೆಂಟ್ ಸಿಕ್ಕರೆ ಮಾತ್ರ ಅಂಥ ಯಂತ್ರ ತಯಾರಿಸುತ್ತೇವೆ ಎಂದು ಕಾರ್ಖಾನೆಯೊಂದು ಹೇಳಿತ್ತು. ಮೊದಲ ಯಂತ್ರದ ಮುಂದೆ ಸಕೀನಾಬಿಯನ್ನೇ ಕೂರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಇಂಥದ್ದು ಮೊದಲೇ ಎಲ್ಲಾದರೂ ಇದ್ದರೆ ಪೇಟೆಂಟ್ ಸಿಗುವುದಿಲ್ಲ. ಇದೆಯೇ ಎಂದು ಬೇನಜೀರ ಹುಡುಕಿ, ಇಲ್ಲವೆಂದು ಬರೆದುಕೊಟ್ಟಳು.

ಅರ್ಜಿ ಹಾಕಲು ಎರಡೇ ದಿನವಿತ್ತು. ಹಳೆಯ ಪಟ್ಟಿಗಳನ್ನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಒಂದು ಪದದ ಮೇಲೆ ಬೆರಳಿಟ್ಟಳು. ಕಲ್ಲೇಶನ ಯಂತ್ರದ ಪಟ್ಟಿಯಲ್ಲಿ ಬೇಡದ ಗುಂಪಿಗೆ ಹಣ್ಣುಗಳ ಹೆಸರನ್ನೆಲ್ಲ ತುಂಬಿದ್ದಳು, ಸ್ಟ್ರಾಬೆರಿಯನ್ನೂ. ಅದಕ್ಕೂ ತೊಟ್ಟಿರುತ್ತದೆ, ಅದನ್ನೂ ಯಾರೋ ಬಿಡಿಸಬೇಕು ಎಂಬುದು ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಎಲ್ಲಿಂದ ಹೊಳೆಯಬೇಕು? ಪಟ್ಟಿ ಸರಿಯಿದೆ ಎಂದು ಗುರುತು ಹಾಕಿದ ಮಹಾಜಾಣ ನಾನೇ. ಆ ಹೆಸರು ತೆಗೆದು ಮತ್ತೆ ಹುಡುಕಿದೆವು. ಯಾವುದೋ ದೂರದ ದೇಶದ ಕಾಗದವೊಂದು ಬಂತು. ಒಳಗೆ ಕಲ್ಲೇಶನ ಯಂತ್ರವೇ ಇತ್ತು: ಅದೇ ಎರಡು ರಬ್ಬರ್ ರೋಲರು, ಅವನ್ನು ಕೂರಿಸಿದ ಅದೇ ಓರೆ.

"ನಾವ್ಯಾಕ ಹೇಳೂದು? ಪೇಟೆಂಟ್ ಆಫೀಸ್‌ನವರ ಹೇಳ್ತಾರ ಬಿಡು" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಆ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ನಾನೂ ಅವಳ ಜೊತೆ ಬ್ಯಾಡಗಿ ಬಸ್ಸು ಹತ್ತಿದೆ.

"ತಪ್ಪು ನಂದ, ಕಲ್ಲೇಶಣ್ಣ. ಹಣ್ಣಿನ ಹೆಸರು ನೋಡಿ ತೆಗದಬಿಟ್ಟೆ. ಯಂತ್ರ ಏನ್ ಕೆಲಸ ಮಾಡ್ತೈತಿ ಅಂತ ನೋಡಬೇಕಿತ್ತು" ಎಂದು ಬೇನಜೀರ ಕಾಗದವನ್ನು ಅವನ ಮುಂದಿಟ್ಟಳು.

ಕಲ್ಲೇಶ ಅದರಲ್ಲಿದ್ದ ಯಂತ್ರದ ಚಿತ್ರದ ಮೇಲೆ ಬೆರಳಾಡಿಸಿದ. "ಈ ಓರೆ ಸಿಗಾಕ ನನಗ ಒಂದ ವರ್ಷ ಹಿಡೀತು, ತಂಗಿ. ಪಾಪ, ಅವನಿಗೂ ಅಷ್ಟ ಹಿಡಿದಿರಬೇಕು" ಎಂದು ಕಾಗದ ಮಡಿಸಿ ಕೊಟ್ಟ. ಒಂದು ಬೈಗುಳವನ್ನಾದರೂ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮನೆಯಲ್ಲಿ ಸಕೀನಾಬಿ ಆಗಷ್ಟೇ ಕೆಲಸದಿಂದ ಬಂದು ಕುಳಿತಿದ್ದಳು. ಯಂತ್ರ ಬಂದೇ ಬರುತ್ತದೆಂದು ನಂಬಿ, ಈ ವಾರದ ನಂತರ ಬರುವುದಿಲ್ಲವೆಂದು ಅಲ್ಲಿ ಹೇಳಿಯೂ ಬಂದಿದ್ದಳು. ಬೇನಜೀರ ನಡೆದದ್ದನ್ನು ಹೇಳಿದಳು.

"ಹಂಗಾರ ಮಷೀನ್ ಬರೂದಿಲ್ಲೇನ?"

ಬೇನಜೀರ ತಾಯಿಯ ಎರಡೂ ಕೈ ಹಿಡಿದು ಅಳತೊಡಗಿದಳು. ಸಕೀನಾಬಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಆ ಕೈಲೆ ಕಣ್ಣ ಒರಸ್ಕೋಬ್ಯಾಡ, ಖಾರ ಹತ್ತೈತಿ. ನಾಳೆ ಲಗೂ ಎಬ್ಬಸು. ಕೆಲಸಕ್ಕ ಬರ್ತೇನಿ ಅಂತ ಹೋಗಿ ಹೇಳಬೇಕು."