ನನ್ನ ಬಾಯಲ್ಲಿ ಅಕ್ಕನ ದನಿ

ಸತ್ತವರು ಮಾತಾಡುತ್ತಾರೆ ಎಂದರೆ ನಗುತ್ತಿದ್ದವನು ನಾನು. ಕೊಟ್ಟೂರಿನಲ್ಲಿ ನನ್ನದು ಬಟ್ಟೆ ಅಂಗಡಿ. ಮೈಮೇಲೆ ದೇವರು ಬಂದವರ ಮುಂದೆಯೂ ಕೈಮುಗಿಯದೆ ನಿಂತಿದ್ದೇನೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಚಿಗಟೇರಿಗೆ ಕೊಟ್ಟಿದ್ದ ನಮ್ಮಕ್ಕ ಗೌರಕ್ಕ ಮಲಗಿದಲ್ಲೇ ತೀರಿಕೊಂಡಿದ್ದಳು. ಎದೆನೋವು ಎಂದರು, ನಂಬಿ ಮಣ್ಣು ಮಾಡಿ ಬಂದೆವು. ಭಾವನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮರುವರ್ಷ ನನ್ನ ಬಲಗಡೆಯ ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳು ಮತ್ತೆ ಮತ್ತೆ ಒಡೆಯತೊಡಗಿದಾಗ, ಆಪರೇಷನ್ನಿಗೆಂದು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದವನೂ ಅವನೇ.

ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಹೇಳಿದರು: "ಗಂಟಲಿಗೆ ಪೈಪು ಹಾಕಲ್ಲ. ಪಕ್ಕೆ ಮರಗಟ್ಟಿಸಿ ಸಣ್ಣ ತೂತು ಮಾಡ್ತಾರೆ. ಅರ್ಧ ನಿದ್ದೆಯಲ್ಲಿ ಇರ್ತೀರಿ, ಉಸಿರು ಮಾತ್ರ ನೀವೇ ಆಡ್ಬೇಕು."

ತೂತು ಮಾಡಿದೊಡನೆ ಆ ಕಡೆಯ ಶ್ವಾಸಕೋಶ ಕುಗ್ಗಿತು. ಅದು ಹಾಗೆ ಕುಗ್ಗಲೇಬೇಕಂತೆ. ಎದೆಯ ಮೇಲೆ ಯಾರೋ ಕೂತಂತಾಯಿತು. ಎಷ್ಟು ಎಳೆದರೂ ಗಾಳಿ ಸಾಲದು. ಆಮೇಲಿನದು ಏನೂ ನೆನಪಿಲ್ಲ.

ಮರುದಿನ ವಾರ್ಡಿನಲ್ಲಿ ಮಲಗಿದ್ದೆ. ಭಾವ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದ. ಡಾಕ್ಟರಮ್ಮ ಬಂದು ನಕ್ಕರು.

"ಏನ್ರೀ, ನಿನ್ನೆ ಹೆಂಗಸಿನ ದನಿಯಲ್ಲಿ ಮಾತಾಡಿ ನಮ್ಮನ್ನೆಲ್ಲ ಹೆದರಿಸಿಬಿಟ್ರಲ್ಲ? 'ದಿಂಬು ತಗೀರಿ, ಉಸಿರು ಕಟ್ತೈತಿ. ನನ್ನ ತಮ್ಮ ನಿಮ್ಮನ್ನ ಬಿಡಂಗಿಲ್ಲ' ಅಂತ ಒಂದೇ ಸಮ."

ನನಗೇನೂ ಅರ್ಥವಾಗಲಿಲ್ಲ. ಭಾವನ ಕಡೆ ತಿರುಗಿದೆ. ಅವನ ಮುಖ ಬಿಳಚಿಕೊಂಡಿತ್ತು. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ದಿಂಬು ಒತ್ತಿದ್ದು ನಾನಲ್ಲೋ. ಮಕ್ಕಳಾಗಲಿಲ್ಲ ಅಂತ ನಮ್ಮವ್ವ ಒತ್ತಿದ್ಲು. ನಾ ಬರೀ ಕಾಲು ಹಿಡದಿದ್ದೆ" ಎಂದ.

ಹೊಲಿಗೆಯನ್ನೂ ಮರೆತು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ನರ್ಸುಗಳು ಬಿಡಿಸಿದರು. ಭಾವ ಆಡಿದ ಆ ಮಾತಿಗೆ ಡಾಕ್ಟರಮ್ಮನೇ ಸಾಕ್ಷಿಯಾದರು. ತಾಯಿ, ಮಗ ಇಬ್ಬರೂ ಈಗ ಜೈಲಿನಲ್ಲಿದ್ದಾರೆ. ಅವರನ್ನು ಪೊಲೀಸ್ ವ್ಯಾನು ಹತ್ತಿಸಿದ ದಿನ ಹರಪನಹಳ್ಳಿ ಕೋರ್ಟಿನ ಮುಂದೆ ನಿಂತು ಕಣ್ತುಂಬ ನೋಡಿದೆ. ಮುದುಕಿ ಮೆಟ್ಟಿಲು ಹತ್ತಲಾರದೆ ತಡವರಿಸಿದಳು. ಮುಚ್ಚಿಡುವುದೇಕೆ, ನನಗೆ ಮರುಕ ಹುಟ್ಟಲಿಲ್ಲ, ಹೊಟ್ಟೆ ತಣ್ಣಗಾಯಿತು.

ಔಷಧದ ಅಮಲಿನಲ್ಲಿ ಮನಸ್ಸಿನಲ್ಲಿದ್ದುದು ಬಾಯಿಗೆ ಬರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ಇರಬಹುದು. ಆದರೆ ದಿಂಬಿನ ಸಂಗತಿ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲವಲ್ಲ.

ಅವ್ವ ಇಂದಿಗೂ ಕೇಳುತ್ತಾಳೆ: "ನಮ್ಮ ಗೌರಿ ಮತ್ತೇನಂದ್ಳಪ್ಪಾ? ನನ್ನ ಸುದ್ದಿ ಏನಾರ ತಗದ್ಳೇನು?"

ಮಾತು ಬಂದದ್ದು ನನ್ನ ಬಾಯಿಂದಲೇ. ಕೇಳಿಸಿಕೊಂಡವನು ಮಾತ್ರ ನಾನಲ್ಲ. ಅವ್ವನಿಗೆ ಏನು ಹೇಳಲಿ?