ಬದ್ಲಿ ಕೊಟ್ರ ಬಿಡ್ತದ

ಭೀಮರಾಯನಗುಡಿ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಮನೆಯವರು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವರು. ಎಲ್ಲರೂ ಅವರನ್ನು ಚಾಚಾ ಅಂತಿದ್ದೆವು. ಸಂಜೆಯಾದರೆ ಹಳೆ ಲುಂಗಿ ಸುತ್ತಿ ಹೊಲಿದ ಚೆಂಡನ್ನು ತಮ್ಮ ನಾಯಿ ಮೋತಿಗೆ ಎಸೆಯುತ್ತಿದ್ದರು. ಅದು ಕಚ್ಚಿ ತಂದು, ಬಿಡದೆ ಗುರ್ರೆನ್ನುತ್ತಿತ್ತು. ಆಗ ಚಾಚಾ ಕುಕ್ಕರಗಾಲಲ್ಲಿ ಕೂತು, ಯಾವ ಅವಸರವೂ ಇಲ್ಲದವರಂತೆ ಕಾಲುವೆಯ ಕಡೆ ನೋಡುತ್ತ, ರೊಟ್ಟಿಯ ಚೂರಿಟ್ಟ ಅಂಗೈ ಚಾಚುವರು. ಚೆಂಡು ತಾನಾಗಿ ಕೆಳಗೆ ಬೀಳುತ್ತಿತ್ತು.

"ಜಗ್ಗಿದ್ರ ಗಟ್ಟಿ ಹಿಡೀತದ್ರಿ. ಬದ್ಲಿ ಕೊಡ್ರಿ, ಬಿಡ್ತದ," ಅನ್ನುವುದು ಅವರ ಮಾತು.

ಈ ಪಾಠವನ್ನು ಮೋತಿ ಅತಿಯಾಗಿಯೇ ಕಲಿಯಿತು. ಕಂಡವರ ಚಪ್ಪಲಿ ಕಚ್ಚಿಕೊಂಡು ಬಂದು ಬದಲಿ ರೊಟ್ಟಿಗಾಗಿ ಕಾಯತೊಡಗಿತು. ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು, ನಾನು ಕಲಿಸುತ್ತಿದ್ದ ಶಾಲೆಗೆ ಹೊರಟರೆ ಅದರ ಬಾಯಲ್ಲಿ ನನ್ನದೊಂದು ಚಪ್ಪಲಿ. ಆಚೆ ಶಹಾಪುರದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸಿಟ್ಟಿನಿಂದ ಜಗ್ಗಿದೆ. ಅದಕ್ಕೆ ಅದೇ ಆಟವಾಯಿತು. ಚಾಚಾ ಎದ್ದು ಬರಲಿಲ್ಲ. ಕಟ್ಟೆಯ ಮೇಲೆ ಚಹಾ ಆರಿಸಿಕೊಳ್ಳುತ್ತ ಹೇಳಿದರು: "ಜಗ್ಗಬ್ಯಾಡ್ರಿ ಮಾಸ್ತರ, ನಿಮ್ಮ ಕೈಯಾಗ ಡಬ್ಬಿ ಅದಲ್ಲ."

ಅವತ್ತು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು, ಡಬ್ಬಿಯಲ್ಲಿ ಬರೀ ಪಲ್ಯ ಇಟ್ಟುಕೊಂಡು ಬಸ್ಸು ಹತ್ತಿದೆ.