ಹೆಸರುಕಾಳಿನ ತೂಕ
ಸೋಲೊ ಊರಿನ ಕ್ಯಾನ್ಸರ್ ವಾರ್ಡಿನ ಪಡಸಾಲೆಯಲ್ಲಿ ಎಲ್ಲರೂ ಅಮ್ಮ ಎಂಬರ್ಥದಲ್ಲಿ 'ಬು' ಎಂದು ಕರೆಯುವ ಲಾಸ್ತ್ರಿ ಚಾಪೆ ಹಾಸಿ, ಸ್ತನ ತೆಗೆಸಿಕೊಂಡ ಹೆಂಗಸರಿಗೆ ಬಟ್ಟೆಯ ಸ್ತನ ಹೊಲಿಯುತ್ತಾರೆ. ಹೊರಗೆ ಹಳೆಯ ಬಾಟಿಕ್, ಒಳಗೆ ತೂಕಕ್ಕೆ ಹೆಸರುಕಾಳು. ಅವರದೂ ಎಡಗಡೆಯದು ಕಾಳಿನದೇ. ಹೊಸಬರ ಹೆಸರು ಕೇಳುವ ಮೊದಲೇ, "ಬಲಗಡೆ ಹಗುರಾಗಿದೆಯಲ್ಲೇ, ಕೂತ್ಕೋ" ಎನ್ನುತ್ತಾರೆ. ಮೈಗಂಟುವ ಕೆಬಾಯ ರವಿಕೆ ತೊಟ್ಟು ಮದುವೆಗೆ ಹೋದವಳನ್ನು ಯಾರೂ ಅನುಮಾನದಿಂದ ತಿರುಗಿ ನೋಡಲಿಲ್ಲವೆಂದರೆ ಅವರಿಗೆ ಊರು ಗೆದ್ದ ಜಂಬ. ವೆನಿಂಗ್ ಎಂಬಾಕೆ ಕಾಳು ತೆಗೆಯದೆ ತನ್ನದನ್ನು ಒಗೆದು, ಅದು ಮೊಳಕೆಯೊಡೆದ ಕಥೆಯನ್ನು ಲಾಸ್ತ್ರಿ ವಾರ್ಡಿಗೆಲ್ಲ ಹೇಳಿದ್ದಾರೆ: "ಇನ್ನೆರಡು ದಿನ ಬಿಟ್ಟಿದ್ರೆ ಸಾರಿಗಾಗ್ತಿತ್ತು." ಈಗ ಲಾಸ್ತ್ರಿಯವರ ಬಲಸ್ತನದಲ್ಲೂ ಗಂಟು ಸಿಕ್ಕಿದೆ. ಅವರಿಗೆ ಬೇಕಾಗುವ ಬಲಗಡೆಯದನ್ನು ವೆನಿಂಗ್ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಾಳೆ. "ಹೊಲಿಗೆ ಸೊಟ್ಟ ಕಣೆ." "ಸುಮ್ನಿರಿ ಬು, ಕಲಿಸಿದೋರು ನೀವೇ." ಲಾಸ್ತ್ರಿ ದಾರ ಎಳೆದು ನೋಡಿ, ಬಿಚ್ಚಿಸಲಿಲ್ಲ. ಗುರುವಾರ ಅವರ ಆಪರೇಷನ್. ಅಂದು ಚಾಪೆ ಹಾಸುವವಳು ವೆನಿಂಗ್.